ಬರೀ ಸೋಡಾ

ಮೇಷ್ಟ್ರು ತೀರಿಕೊಂಡರು ಎಂದು ಚೈತ್ರ ಫೋನು ಮಾಡಿದಳು. ಹೇಗಾಯಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಹಾರ್ಟು ಅಕ್ಕ. ಬೇರೆ ಏನೂ ಅಲ್ಲ."

ಆ ಕೊನೆಯ ಮೂರು ಪದ ಯಾಕೆ ಬಂದವೆಂದು ನನಗೆ ಗೊತ್ತಿತ್ತು. ಬೆಳಗಿನಿಂದ ಯಾರು ಯಾರಿಗೆ ಫೋನು ಮಾಡಿದ್ದಳೋ ಅವರಿಗೆಲ್ಲ ಅವನ್ನು ಸೇರಿಸಿಯೇ ಹೇಳಿರಬೇಕು. ಅಪ್ಪ ಸತ್ತ ದಿನವೂ ಮಗಳು ಅವರ ಪರವಾಗಿ ಸಾಕ್ಷಿ ನುಡಿಯಬೇಕಾಗಿತ್ತು. ಫೋನು ಇಟ್ಟ ಮೇಲೆ ನನಗೆ ದುಃಖಕ್ಕಿಂತ ಮೊದಲು ಬಂದದ್ದು ನಾಚಿಕೆ. ಆ ಮನೆಯ ನೆನಪೆಂದರೆ ನನಗೆ ಯಾವಾಗಲೂ ಹೀಗೆಯೇ. ಪ್ರೀತಿಯ ಜೊತೆಗೆ ನಾಚಿಕೆ ಅಂಟಿಕೊಂಡು ಬರುತ್ತದೆ.

ಶ್ರೀರಂಗಪಟ್ಟಣದಲ್ಲಿ ಅವರ ಮನೆಯ ಮಹಡಿಯ ಮೇಲಿನ ರೂಮಿನಲ್ಲಿ ನಾನು ಬಾಡಿಗೆಗೆ ಇದ್ದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿನ ಒಂದು ಕಾಲೇಜಿಗೆ ಪಾಠ ಹೇಳಲು ಸೇರಿದ್ದ ಹೊಸತು. ಕೆಳಗಿನ ಮನೆಯಲ್ಲಿ ಮೇಷ್ಟ್ರು, ನಾನು ಆಂಟಿ ಎನ್ನುತ್ತಿದ್ದ ಅವರ ಹೆಂಡತಿ, ಮಗಳು ಚೈತ್ರ. ಮೇಷ್ಟ್ರು ಪಾಂಡವಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತಿದ್ದರು. ಎತ್ತರದ ಆಳು, ಅಗಲವಾದ ಎದೆ. ಆದರೆ ಬೀದಿಯಲ್ಲಿ ನಡೆಯುವಾಗ ಗೋಡೆಗೆ ಒತ್ತಿಕೊಂಡು, ಎದುರು ಬರುವವರಿಗೆಲ್ಲ ಅಗತ್ಯಕ್ಕಿಂತ ಹೆಚ್ಚು ದಾರಿ ಬಿಟ್ಟುಕೊಂಡು ನಡೆಯುತ್ತಿದ್ದರು. ಮದುವೆಗೆ ಹೋದರೆ ಚಪ್ಪಲಿ ಬಿಡುವ ಜಾಗದ ಪಕ್ಕದ ಕುರ್ಚಿಯೇ ಅವರಿಗೆ ಬೇಕು. ಯಾರಾದರೂ ಮುಂದೆ ಬನ್ನಿ ಎಂದು ಕರೆದರೆ, "ಇಲ್ಲೇ ಗಾಳಿ ಬತ್ತದೆ" ಅನ್ನುತ್ತಿದ್ದರು.

ಅವರಲ್ಲಿ ನಾನು ಮೊದಲು ಗಮನಿಸಿದ್ದು ಅವರು ಮಾತಾಡುವ ರೀತಿ. ಎದುರಿಗೆ ನಿಂತು ಮಾತಾಡುವಾಗಲೂ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಬಲಗೈಯನ್ನು ಮೀಸೆಯ ಹತ್ತಿರ ಹಿಡಿದುಕೊಂಡು ಮಾತಾಡುತ್ತಿದ್ದರು. ಮೊದಲು ನಾನು ಅದನ್ನು ಸಂಕೋಚ ಎಂದುಕೊಂಡೆ, ಒಂಟಿ ಹುಡುಗಿಯ ಜೊತೆ ಮಾತಾಡುವ ಹಿರಿಯರ ಮರ್ಯಾದೆ ಎಂದುಕೊಂಡೆ. ಆಮೇಲೆ ನೋಡಿದರೆ ಹಾಲಿನವನ ಜೊತೆಗೂ ಹಾಗೇ, ಕರೆಂಟ್ ಬಿಲ್ಲಿನವನ ಜೊತೆಗೂ ಹಾಗೇ. ತಮ್ಮ ಉಸಿರು ಯಾರಿಗೂ ತಾಗಬಾರದು ಎನ್ನುವಂತೆ.

ಇನ್ನೊಂದು, ಅವರು ಒಂದು ಕ್ರಿಯಾಪದವನ್ನು ಬಳಸುತ್ತಿರಲಿಲ್ಲ. ಇದನ್ನು ಗಮನಿಸಲು ನನಗೆ ಬಹಳ ದಿನ ಹಿಡಿಯಿತು. "ಕಾಫಿ ಆಯ್ತೇನವ್ವ?" ಎನ್ನುವರು. "ನೀರ್ ತಗಳಿ" ಎನ್ನುವರು. "ಮಜ್ಜಿಗೆ ಉಯ್ಕಳಿ" ಎನ್ನುವರು. ಪಕ್ಕದ ಮನೆಯ ಕರು ಕಟ್ಟು ಬಿಚ್ಚಿಕೊಂಡು ಹೋಗಿ ಹಾಲನ್ನೆಲ್ಲ ಕುಡಿದುಬಿಟ್ಟ ದಿನ ಅದರ ಯಜಮಾನಿಗೆ, "ನಿಮ್ ಕರ ಹಾಲೆಲ್ಲ ಖಾಲಿ ಮಾಡ್ಬುಡ್ತು ನೋಡಿ" ಎಂದು ಕೂಗಿ ಹೇಳಿದರು. ಕುಡಿ ಎಂಬ ಪದ ಮಾತ್ರ ಅವರ ಬಾಯಿಂದ ಬರಲಿಲ್ಲ.

ಕನ್ನಡದಲ್ಲಿ ಆ ಪದದ ಹಿಂದೆ ನೀರು, ಹಾಲು ಎಂದು ಏನನ್ನೂ ಸೇರಿಸದೆ ಹೇಳಿದರೆ ಅದಕ್ಕೆ ಒಂದೇ ಅರ್ಥ. ಅದು ನನಗೂ ಗೊತ್ತಿತ್ತು. ಬಹಳ ಚಿಕ್ಕಂದಿನಿಂದ ಗೊತ್ತಿತ್ತು.

ನಮ್ಮೂರು ನಾಗಮಂಗಲದ ಹತ್ತಿರ. ನಮ್ಮಪ್ಪನಿಗೆ ತೋಟ ಇದೆ, ಹಸುಗಳಿವೆ, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಷ್ಟು ಗೌರವವೂ ಇದೆ, ಸಂಜೆಯವರೆಗೆ. ಸಂಜೆಯಾದರೆ ನನ್ನನ್ನು ಕರೆದು, "ಓಗಿ ಒಂದ್ ಸೋಡಾ ತತ್ತಾವ್ವ" ಅನ್ನುತ್ತಿದ್ದರು. ಬಾಟಲಿಯನ್ನು ಅವರೇ ತಂದುಕೊಳ್ಳುತ್ತಿದ್ದರು. ಅಷ್ಟು ನಾಚಿಕೆ ಅವರಿಗೂ ಇತ್ತು. ಸೋಡಾ ಮಾತ್ರ ನನ್ನ ಪಾಲಿಗೆ. ಅಂಗಡಿಯ ಅಜ್ಜಿ ಸೋಡಾ ಕೊಡುವ ಮೊದಲು ಬೀದಿಗೆಲ್ಲ ಕೇಳುವ ಹಾಗೆ, "ಸುರು ಹಚ್ಕಂಡ್ನಾ ನಿಮ್ಮಪ್ಪ?" ಎಂದು ಕೇಳುತ್ತಿದ್ದಳು. ನಾನು ಶಾಲೆಯ ಚೀಲವನ್ನು ಖಾಲಿ ಮಾಡಿಕೊಂಡು ಹೋಗಿ, ಅದರೊಳಗೆ ಸೋಡಾ ಇಟ್ಟುಕೊಂಡು ಬರುತ್ತಿದ್ದೆ. ಆಮೇಲೆ ಪುಸ್ತಕಗಳಿಗೆ ಒದ್ದೆ ತಾಗುತ್ತಿತ್ತು. ಮುಚ್ಚಳ ತೆಗೆದಾಗ ಬರುವ ಆ ಚುಸ್ ಎನ್ನುವ ಸದ್ದು ನಮ್ಮ ಮನೆಯಲ್ಲಿ ಸಂಜೆಯ ಗಂಟೆಯಿದ್ದ ಹಾಗೆ. ಅದು ಕೇಳಿದ ಮೇಲೆ ಅವ್ವ ದನಿ ತಗ್ಗಿಸುತ್ತಿದ್ದಳು. ನಾನು ಓದಲು ಕೂರುತ್ತಿದ್ದೆ. ಇಷ್ಟು ಚೆನ್ನಾಗಿ ಓದಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಇದನ್ನು ನಾನು ಹೇಳುವುದಿಲ್ಲ.

ಹೀಗಿರುವಾಗ, ಶ್ರೀರಂಗಪಟ್ಟಣದ ಆ ಮನೆಗೆ ಬಂದ ಸ್ವಲ್ಪ ದಿನಕ್ಕೇ, ದೀಪ ಹಚ್ಚುವ ಹೊತ್ತಿಗೆ ಕೆಳಗಿನ ಅಡುಗೆಮನೆಯ ಕಿಟಕಿ ಮುಚ್ಚುವ ಸದ್ದು ಕೇಳಿತು. ಅದರ ಹಿಂದೆಯೇ, ಚುಸ್.

ಮರುದಿನವೂ ಕೇಳಿತು. ಕಿಟಕಿ, ಆಮೇಲೆ ಚುಸ್. ನನ್ನ ಕೈಯಲ್ಲಿದ್ದ ಉತ್ತರಪತ್ರಿಕೆಯ ಮೇಲೆ ಪೆನ್ನು ನಿಂತುಹೋಯಿತು. ಮುಖ ತಿರುಗಿಸಿ ಮಾತಾಡುವುದು, ಮೀಸೆಯ ಹತ್ತಿರ ಕೈ, ಗೋಡೆಯ ಪಕ್ಕದ ನಡಿಗೆ, ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಅಪ್ಪನ ಮನೆ ಬಿಟ್ಟು ಬಂದು ಬಾಡಿಗೆ ಕೊಟ್ಟು ಅಪ್ಪನ ಮನೆಯನ್ನೇ ಹಿಡಿದೆನಲ್ಲ ಅನ್ನಿಸಿತು. ಕಾಲೇಜಿನ ಒಬ್ಬ ಸಹೋದ್ಯೋಗಿಯ ಹತ್ತಿರ ಬೇರೆ ರೂಮು ಇದ್ದರೆ ಹೇಳಿ ಎಂದೆ. ಯಾಕೆ ಎಂದು ಕೇಳಿದರು. ನೀರಿನ ತೊಂದರೆ ಎಂದೆ. ಕಾವೇರಿ ಎರಡೂ ಕಡೆ ಹರಿಯುವ ಊರಿನಲ್ಲಿ ನಿಂತು ಹಾಗೆ ಹೇಳಿದ್ದಕ್ಕೆ ಅವರು ನಕ್ಕರು.

ರೂಮು ಸಿಗುವ ಮೊದಲೇ ಒಂದು ಸಂಜೆ ಕೆಳಗಿನಿಂದ ಢಮ್ ಎಂದು ಸದ್ದಾಯಿತು. ಗ್ಯಾಸು ಸಿಡಿಯಿತೇನೋ ಎಂದು ನಾನು ಮೆಟ್ಟಿಲು ಇಳಿದು ಓಡಿದೆ. ಅಡುಗೆಮನೆಯ ನಡುವೆ ಮೇಷ್ಟ್ರು ತಲೆಯಿಂದ ಬನಿಯನ್ನಿನವರೆಗೆ ತೊಯ್ದು ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಪೈಪು. ಮೇಲಿನ ಸಜ್ಜೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಚೈತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಮ್ಮಪ್ಪ ಬಾಂಬ್ ಮಾಡ್ತಾವ್ರೆ ಅಕ್ಕ."

"ಮೊದ್ಲು ಬಾಗ್ಲಾಕು, ಆಮೇಲೆ ನಗೀವಂತೆ" ಎಂದರು ಆಂಟಿ.

"ಏನಾಯ್ತು ಸರ್?" ಎಂದೆ.

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. "ಏನಿಲ್ಲ ಕಣವ್ವ. ಬರೀ ಸೋಡಾ."

"ಅಂಗ್ಡೀಲಿ ದುಬಾರಿ ಅಂತ ಮನೇಲೇ ಮಾಡ್ಕತೀವಿ" ಎಂದು ಆಂಟಿ ಬೇಗ ಬೇಗ ಹೇಳಿದರು. "ನಾಕ್ ಕಾಸ್ ಉಳೀತದೆ ನೋಡು."

ಆಂಟಿ ನೆಲ ಒರೆಸುತ್ತಿದ್ದರು, ಮೇಷ್ಟ್ರು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದರು. ನಾನು ಅಲ್ಲೇ ನಿಂತು ಉಸಿರೆಳೆದು ನೋಡಿದೆ. ಚಿಕ್ಕಂದಿನ ಅಭ್ಯಾಸ. ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ, ನಿಂಬೆಹಣ್ಣಿನ ವಾಸನೆ ಇತ್ತು. ಬೇರೆ ಏನೂ ಇರಲಿಲ್ಲ.

ಅವತ್ತಿನಿಂದ ಸಂಜೆ ಒಮ್ಮೊಮ್ಮೆ ನನಗೂ ಕರೆ ಬರುತ್ತಿತ್ತು. ಅವರ ಸೋಡಾ ಮಾಡುವ ಸಾಮಾನು ಇಷ್ಟೇ: ತಂಪು ಪಾನೀಯದ ಎರಡು ಖಾಲಿ ಬಾಟಲಿ, ಆಸ್ಪತ್ರೆಯಲ್ಲಿ ಗ್ಲೂಕೋಸು ಹಾಕುವಾಗ ಬಳಸುವ ಪೈಪು. ಕಾಯಿಸಿದ ಮೊಳೆಯಿಂದ ಎರಡೂ ಮುಚ್ಚಳಕ್ಕೆ ತೂತು ಮಾಡಿ, ಪೈಪಿನ ಎರಡು ತುದಿಯನ್ನು ತೂರಿಸಿ, ಸುತ್ತ ಅಂಟು ಮೆತ್ತಿದ್ದರು. ಒಂದು ಬಾಟಲಿಗೆ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ನೀರು. ಇನ್ನೊಂದಕ್ಕೆ ನಿಂಬೆರಸ, ಅದರೊಳಗೆ ಕಾಗದದಲ್ಲಿ ಪೊಟ್ಟಣ ಕಟ್ಟಿದ ಅಡುಗೆ ಸೋಡಾ. ಕಾಗದ ನೆನೆದು ಬಿಚ್ಚಿಕೊಳ್ಳುವಷ್ಟರಲ್ಲಿ ಮುಚ್ಚಳ ಬಿಗಿಯಬೇಕು. ಆಮೇಲೆ ನೊರೆ ಎದ್ದು, ಗಾಳಿ ಪೈಪಿನಲ್ಲಿ ಹಾದು ನೀರಿನ ಬಾಟಲಿಗೆ ಹೋಗುತ್ತದೆ. ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಪೈಪಿನ ನಡುವಿನ ಚಕ್ರ ತಿರುಗಿಸಿ ಗಾಳಿ ನಿಲ್ಲಿಸಿ, ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು. ಮೇಷ್ಟ್ರು ಕುಲುಕುವುದನ್ನು ನೋಡಿದರೆ ಡಂಬೆಲ್ಸ್ ಮಾಡಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಸೋಡಾ ಒಂದು ದಿನ ಬಂದ ಹಾಗೆ ಇನ್ನೊಂದು ದಿನ ಬರುತ್ತಿರಲಿಲ್ಲ. ಒಮ್ಮೊಮ್ಮೆ ನೊರೆಯೇ ಪೈಪಿನಲ್ಲಿ ಹಾದು ಈ ಕಡೆ ಬಂದು ನೀರು ಉಪ್ಪುಪ್ಪಾಗುತ್ತಿತ್ತು. ಒಮ್ಮೊಮ್ಮೆ ನೀರು ಸಾಕಷ್ಟು ತಣ್ಣಗಿರದೆ ಗಾಳಿ ನಿಲ್ಲುತ್ತಲೇ ಇರಲಿಲ್ಲ. ಆಗ ಮೇಷ್ಟ್ರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಇವತ್ತು ಗೈರುಹಾಜರಿ" ಅನ್ನುತ್ತಿದ್ದರು. ಚೆನ್ನಾಗಿ ಬಂದ ದಿನ ಲೋಟಕ್ಕೆ ಸುರಿದು, ಗುಳ್ಳೆಗಳು ಮೇಲೆ ಏಳುವುದನ್ನು ನೋಡುತ್ತ, ಒಂದೇ ಗುಟುಕಿಗೆ ಎತ್ತಿ, ಕಣ್ಣು ಮುಚ್ಚುತ್ತಿದ್ದರು. ಕಣ್ಣಿನ ಅಂಚಿನಲ್ಲಿ ನೀರು ಬರುತ್ತಿತ್ತು.

"ಸಂಜೆ ಆದ್ರೆ ಗಂಟ್ಲು ಕೇಳ್ತದೆ ಕಣವ್ವ" ಎಂದು ಒಂದು ದಿನ ತಾವಾಗಿಯೇ ಹೇಳಿದರು. "ಏನೋ ಒಂದು ಕಚ್ಬೇಕು ಅದಕ್ಕೆ. ಇದು ಕಚ್ತದೆ. ಕಚ್ಚಿ ಸುಮ್ಕಾಯ್ತದೆ. ಅದಾದ್ರೆ ಸುಮ್ಕಾಗಾಕಿಲ್ಲ."

ಅದು ಎಂದರೆ ಏನು ಎಂದು ನಾನು ಕೇಳಲಿಲ್ಲ. ಆಮೇಲೆ ಆಂಟಿ ಹೇಳಿದರು, ಅವರೆಕಾಯಿ ಸುಲಿಯುತ್ತ, ಮೇಷ್ಟ್ರು ಇಲ್ಲದ ಹೊತ್ತಿನಲ್ಲಿ.

ಅವರು ಮೊದಲು ಪಾಂಡವಪುರದಲ್ಲೇ ಮನೆ ಮಾಡಿಕೊಂಡಿದ್ದರು. ಆಗ ಮೇಷ್ಟ್ರು ಬಹಳ ಕುಡಿಯುತ್ತಿದ್ದರು. ಒಂದು ಆಗಸ್ಟ್ ಹದಿನೈದರ ಬೆಳಿಗ್ಗೆ, ಮಕ್ಕಳು ಸಾಲಾಗಿ ನಿಂತು ಬಾವುಟ ಏರುವ ಹೊತ್ತಿಗೆ, ಸಾವಧಾನ್ ಎಂದು ಹೇಳಬೇಕಾದ ಮೇಷ್ಟ್ರು ಪೀಪಿಯನ್ನು ಬಾಯಿಗಿಟ್ಟು ಊದಿದರು. ಅದನ್ನು ನಿಲ್ಲಿಸಲು ಅವರಿಗೆ ತಿಳಿಯಲಿಲ್ಲ. ಊದುತ್ತ ಊದುತ್ತ ಕಂಬದ ಬುಡದಲ್ಲಿ ಕೂತುಬಿಟ್ಟರು. ಊರಿನ ದೊಡ್ಡವರು, ತಾಯಿ ತಂದೆಯರು, ಎಲ್ಲರೂ ಇದ್ದರು. ಯಾರಿಗೂ ಏನು ಮಾಡಬೇಕೆಂದು ತೋಚದೆ ನಿಂತಾಗ ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ ಪಕ್ಕದವಳಿಗೆ ಹೇಳಿದಳಂತೆ, "ಸಾ ಕುಡ್ದವ್ರೆ."

"ಆ ಸಾಲಲ್ಲೇ ಇದ್ಲು ನಮ್ ಚೈತ್ರ" ಎಂದರು ಆಂಟಿ. "ಪಕ್ದವ್ಳು ಅಂದ್ರೆ ಇವ್ಳೇ."

ಅವತ್ತೇ ಬಿಟ್ಟರು. ಆಸ್ಪತ್ರೆಗೆ ಸೇರಿಸಬೇಕಾಯಿತು. ಸೋಡಾ ಮಾಡುವುದಕ್ಕೆ ಗ್ಲೂಕೋಸಿನ ಪೈಪೇ ಆಗಬಹುದು ಎಂದು ಹೊಳೆದದ್ದು ಅಲ್ಲಿ ಮಲಗಿ ಅದನ್ನೇ ನೋಡುತ್ತಿದ್ದುದರಿಂದ ಇರಬೇಕು. ಕೆಲಸ ಹೇಗೋ ಉಳಿಯಿತು. ಪೀಪಿಯನ್ನು ಮಾತ್ರ ಅವರು ಮತ್ತೆ ಬಾಯಿಗಿಡಲಿಲ್ಲ. ಆಮೇಲೆ ಮಕ್ಕಳನ್ನು ಚಪ್ಪಾಳೆ ತಟ್ಟಿಯೇ ಓಡಿಸಿದರು, ನಿಲ್ಲಿಸಿದರು. ಯಾರ ಕಣ್ಣಿಗೂ ಬೀಳದೆ ಇರೋಣ ಎಂದು ಶ್ರೀರಂಗಪಟ್ಟಣಕ್ಕೆ ಮನೆ ಬದಲಾಯಿಸಿದರು. ಆದರೆ ಪಾಂಡವಪುರ ಎಷ್ಟು ದೂರ? ಅವರು ಬಂದ ಬಸ್ಸಿನಲ್ಲೇ ಮಾತೂ ಬಂತು. ಹೊಸದಾಗಿ ಬಂದಾಗ ಒಂದು ಸಂಜೆ ಗಂಟಲು ತಡೆಯದೆ ಬಸ್ ಸ್ಟ್ಯಾಂಡಿನ ಎದುರು ಅಂಗಡಿಯಲ್ಲಿ ಸೋಡಾ ಕೇಳಿದರಂತೆ. ಅಂಗಡಿಯವನು ಕಣ್ಣು ಮಿಟುಕಿಸಿ, "ಬರೀ ಸೋಡಾನಾ ಮೇಷ್ಟ್ರೇ? ಲೋಟನೂ ಕೊಡ್ಲಾ?" ಎಂದ. ಎರಡು ದಿನಕ್ಕೆ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದರು: "ಮತ್ತೆ ಸುರುವಾಯ್ತಂತೆ?"

"ಅದಕ್ಕೇ ಮನೇಲಿ ಮಾಡ್ಕಳದು" ಎಂದರು ಆಂಟಿ. "ದುಡ್ಡುಳ್ಸಕ್ಕೆ ಅಂತ ಯೋಳ್ತೀನಿ ಅಷ್ಟೆ. ಇನ್ನೇನ್ ಯೋಳ್ಳಿ?"

ಆ ಮನೆಯಲ್ಲಿ ಒಂದು ಲೋಟ ನೀರಿಗೂ ಕಿಟಕಿ ಮುಚ್ಚಬೇಕಾಗಿತ್ತು. ನಾನು ಅವರೆಕಾಯಿ ಸುಲಿಯುತ್ತಲೇ ಇದ್ದೆ. ನಮ್ಮಪ್ಪನ ವಿಷಯ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರಿಗೆ ತಮಾಷೆ ಗೊತ್ತಿರಲಿಲ್ಲ ಎಂದಲ್ಲ. ನನ್ನ ಕನ್ನಡಕ ಬಹಳ ದಪ್ಪ. ಕಾಲೇಜಿನ ಹುಡುಗರು ಬೆನ್ನ ಹಿಂದೆ ಸೋಡಾಬುಡ್ಡಿ ಮಿಸ್ಸು ಅನ್ನುತ್ತಾರೆಂದು ಚೈತ್ರ ಅವರಿಗೆ ಚಾಡಿ ಹೇಳಿದ್ದಳು. ಮೇಷ್ಟ್ರು ಬಾಟಲಿ ಕುಲುಕುತ್ತ, "ಬೇಜಾರ್ ಮಾಡ್ಕಬ್ಯಾಡ ಕಣವ್ವ" ಎಂದರು. "ಸೋಡಾಬುಡ್ಡಿ ಅಂದ್ರೆ ಒಳ್ಳೇದೆಯ. ಒಳಗೇನೈತೆ ಅಂತ ಆಚೆಯಿಂದ್ಲೇ ಕಾಣ್ತದೆ. ನಮ್ಮಂತೋರ್ದೇ ಕಷ್ಟ."

ಚೈತ್ರಳಿಗೆ ಗಂಡು ಗೊತ್ತಾಗುವ ಮಾತು ಬಂದದ್ದು ಆ ವರ್ಷವೇ. ಹುಡುಗ ಕೆ.ಆರ್. ಪೇಟೆಯವನು, ಡೇರಿಯಲ್ಲಿ ಕೆಲಸ. ಹೊಸಹೊಳಲಿನ ದೇವಸ್ಥಾನದಲ್ಲಿ ಇಬ್ಬರೂ ನೋಡಿ ಒಪ್ಪಿಕೊಂಡಿದ್ದರು. ಇನ್ನು ದೊಡ್ಡವರು ಬಂದು ಮನೆ ನೋಡಿ ಮಾತು ಮುಗಿಸುವುದೊಂದು ಉಳಿದಿತ್ತು. ಹುಡುಗನ ದೊಡ್ಡಪ್ಪನ ಮಾತೇ ಆ ಮನೆಯಲ್ಲಿ ಕೊನೆಯ ಮಾತು ಎಂದು ಚೈತ್ರ ಮೊದಲೇ ಹೇಳಿದ್ದಳು. ಒಂದು ಭಾನುವಾರ ಅವರು ಬಂದರು. ಮುದ್ದೆ, ನಾಟಿಕೋಳಿ ಸಾರು. ಬಡಿಸಲು ಕೈ ಸಾಲದೆ ನನ್ನನ್ನೂ ಆಂಟಿ ಕರೆದಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ತಮ್ಮ ಮನೆಯಲ್ಲೇ ಚಪ್ಪಲಿಗಳ ಪಕ್ಕ ಕೂತಿದ್ದರು.

ಊಟ ಮುಗಿಯಿತು. ದೊಡ್ಡಪ್ಪ ಕೈ ತೊಳೆಯಲು ಹಿಂದಕ್ಕೆ ಹೋದವರು ಅಲ್ಲಿಂದಲೇ ಕೂಗಿದರು.

"ಇದೇನಿದು, ಯಾರಿಗೆ ಹುಷಾರಿಲ್ಲ? ಗ್ಲೂಕೋಸ್ ಪೈಪೈತೆ?"

ಆಂಟಿ ಅಕ್ಕಿಯ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದರು. ದೊಡ್ಡಪ್ಪ ಎರಡು ಬಾಟಲಿಯನ್ನೂ ಪೈಪಿನ ಸಮೇತ ನೇತಾಡಿಸಿಕೊಂಡು ನಡುಮನೆಗೆ ತಂದರು. ಆಂಟಿಯ ಬಾಯಿಗೆ ವರ್ಷಗಳಿಂದ ಅಭ್ಯಾಸವಾಗಿದ್ದ ಮಾತೇ ಬಂತು.

"ಸೋಡಾ ಮಾಡದು ಕಣಣ್ಣ. ಅಂಗ್ಡೀಲಿ ದುಬಾರಿ ಅಂತ ಮನೇಲೇ ಮಾಡ್ಕತೀವಿ."

ದೊಡ್ಡಪ್ಪ ಬಾಟಲಿಗಳನ್ನು ನೋಡಿದರು, ಆಂಟಿಯನ್ನು ನೋಡಿದರು, ಕೊನೆಗೆ ಬಾಗಿಲ ಹತ್ತಿರ ಕೂತಿದ್ದ ಮೇಷ್ಟ್ರನ್ನು ನೋಡಿದರು.

"ಎಂದೋ ಒಂದಿನ ಬೇಕಾದೋರು ಅಂಗ್ಡೀಲಿ ತತ್ತಾರೆ" ಎಂದರು ನಿಧಾನವಾಗಿ. "ದುಬಾರಿ ಆಯ್ತದೆ ಅಂತ ಮನೇಲೇ ಮಿಸನ್ನು ಇಟ್ಕಂಡಿದೀರಿ ಅಂದ್ರೆ, ದಿನಕ್ಕೆ ಎಷ್ಟ್ ಓಯ್ತದೆ ಮೇಷ್ಟ್ರೇ?"

ಅವರ ಜೊತೆ ಬಂದವರಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಪಾಂಡವಪುರದ ಮಾತು ಕೆ.ಆರ್. ಪೇಟೆಗೂ ಮುಟ್ಟಿತ್ತು ಎಂದು ಆ ಮೌನದಲ್ಲಿ ಎಲ್ಲರಿಗೂ ಗೊತ್ತಾಯಿತು. ಕುಡಿಯುತ್ತಾರೆ ಎನ್ನಬಾರದೆಂದು ಬಚ್ಚಿಟ್ಟುಕೊಂಡು ಮಾಡಿದ್ದೇ ಕುಡಿಯುತ್ತಾರೆ ಎನ್ನುವುದಕ್ಕೆ ಸಾಕ್ಷಿಯಾಗಿ ನಡುಮನೆಯಲ್ಲಿ ನೇತಾಡುತ್ತಿತ್ತು. ಚೈತ್ರ ಅಡುಗೆಮನೆಯ ಬಾಗಿಲಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಮೇಷ್ಟ್ರು ನಾನು ಬಿಟ್ಟಿದ್ದೇನೆ ಎನ್ನಲಿಲ್ಲ. ಬಿಡದವರೂ ಅದನ್ನೇ ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕೈಯನ್ನು ಮೀಸೆಯ ಹತ್ತಿರ ತಂದರು. ನೋಡುವವರಿಗೆ ಅದೇ ತಪ್ಪೊಪ್ಪಿಗೆಯ ಹಾಗಿತ್ತು.

"ಅವರು ಕುಡಿಯೋದಿಲ್ಲ."

ಹೇಳಿದ್ದು ನಾನೇ ಎಂದು ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ ನನಗೆ ತಿಳಿಯಿತು.

"ನೀನ್ಯಾರವ್ವ?"

"ಮೇಲಿನ ರೂಮಿನವಳು."

"ಮೇಲಿದ್ರೆ ಕೆಳಗಿಂದು ಎಂಗ್ ಗೊತ್ತಾದದು?"

ನಾನು ನೆಲ ನೋಡುತ್ತ ಹೇಳಿದೆ. "ನಮ್ಮಪ್ಪ ಕುಡೀತಾರೆ. ಕುಡಿದವರು ಚಿಲಕ ಹುಡುಕೋ ಸದ್ದು ನನಗೆ ಗೊತ್ತು. ಕುಡಿದವರು ಇರೋ ಮನೇಲಿ ಪಾತ್ರೆ ಹೇಗೆ ಇಡ್ತಾರೆ, ಹೇಗೆ ಮಾತಾಡ್ತಾರೆ, ಎಲ್ಲ ಗೊತ್ತು. ಈ ಮನೇಲಿ ಅದಿಲ್ಲ. ಇವರು ತಗೊಳ್ಳೋದು ಬರೀ ಸೋಡಾ."

"ಯಾವೂರು ನಿಂದು?"

ನಮ್ಮ ಕಡೆ ಈ ಪ್ರಶ್ನೆಯ ಹಿಂದೆ ಯಾವ ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದೂ ಊರಿನ ಹೆಸರು ಹೇಳಿದೆ.

"ಯಾರ್ ಮಗ್ಳು?"

ಅದನ್ನೂ ಹೇಳಿದೆ. ಅಪ್ಪನ ಹೆಸರು ನನ್ನ ಬಾಯಿಂದ ಅಷ್ಟು ಜನರ ನಡುವೆ ಅಷ್ಟು ಸ್ಪಷ್ಟವಾಗಿ ಬಂದದ್ದು ನನಗೇ ಬೇರೆ ಯಾರೋ ಹೇಳಿದಂತೆ ಕೇಳಿಸಿತು.

"ಓ" ಎಂದರು ದೊಡ್ಡಪ್ಪ. "ನಮ್ ದೊಡ್ ಸೊಸೆ ತವ್ರು ನಿಮ್ ಮಗ್ಗುಲೂರೆಯ. ಕೇಳಿವ್ನಿ." ಬಾಟಲಿಗಳನ್ನು ಮೆಲ್ಲಗೆ ಕೆಳಗಿಟ್ಟರು. ನನ್ನನ್ನು ನೋಡಿದ ನೋಟದಲ್ಲಿ ಕನಿಕರ ಇತ್ತು. "ಅಂಗಾರೆ ನಿಂಗೆ ಗೊತ್ತಿರ್ತದೆ ಬುಡವ್ವ."

ಆ ಮಾತಿನಿಂದ ಚೈತ್ರಳ ಮದುವೆ ಉಳಿಯಿತು. ದೊಡ್ಡಪ್ಪ ಕೂತು, ಎಲೆ ಅಡಿಕೆ ತೆಗೆದುಕೊಂಡು, "ಎಲ್ಲಿ, ಒಂದ್ ಲೋಟ ಕೊಡಿ ಅದೇನ್ ನೋಡಮ" ಎಂದರು. ಅವರಿಗೆ ಸೋಡಾ ಮಾಡಿ ಕೊಡುವಾಗ ಮೇಷ್ಟ್ರ ಕೈ ನಡುಗುತ್ತಿತ್ತು. ಆ ಕೈ ನೋಡಿ ಎಲ್ಲಿ ಮತ್ತೆ ಮನಸ್ಸು ಬದಲಾಯಿಸುತ್ತಾರೋ ಎಂದು ನಾನು ಹೆದರಿದೆ. ದೊಡ್ಡಪ್ಪ ಎತ್ತಿದರು, ದೊಡ್ಡದಾಗಿ ತೇಗಿದರು. "ಪರ್ವಾಗಿಲ್ಲ. ಉಪ್ಪೊಂದ್ ಸ್ವಲ್ಪ ಜಾಸ್ತಿ."

ಎಲ್ಲರೂ ನಗುತ್ತಿದ್ದಾಗ ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಬೇಕಾಗಿತ್ತು. ಅನ್ನಿಸಿದ್ದು ಬೇರೆ. ತೋಟದ ಬದುವಿನ ಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ನಡೆಯುವ ಅಪ್ಪ ಕಣ್ಣ ಮುಂದೆ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಮೇಷ್ಟ್ರು ಮೆಟ್ಟಿಲು ಹತ್ತಿ ಬಂದದ್ದು ಅದೇ ಮೊದಲು. ಹೊಸಿಲಿನ ಆಚೆಯೇ ನಿಂತರು.

"ನಿಮ್ಮಪ್ಪನ್ ಹೆಸ್ರು ಯಾಕವ್ವ ಎತ್ತಕೋದೆ?" ಎಂದರು.

ನಾನು ಬಾಗಿಲನ್ನು ಪೂರ್ತಿ ತೆಗೆದೆ.

"ಅವ್ರೂ ಒಂದ್ ಹೆಣ್ ಮಗಿನ್ ತಂದೆ ಅಲ್ವಾ. ನನ್ ಮಾನ ಉಳ್ಸಕ್ಕೆ ಅವ್ರುದ್ದು ಕೊಟ್ಬುಟ್ಟೆ." ಮುಖ ಎಂದಿನಂತೆ ಪಕ್ಕಕ್ಕೆ ಇತ್ತು. ಹಿಂದೆ ಹಿಡಿದಿದ್ದ ಕೈಯನ್ನು ಮುಂದೆ ಚಾಚಿದರು. ಹೊಸದಾಗಿ ತೂತು ಮಾಡಿದ ಎರಡು ಮುಚ್ಚಳ, ಹೊಸ ಪೈಪು, ತೊಳೆದ ಎರಡು ಬಾಟಲಿ. ಅಂಟು ಇನ್ನೂ ಒಣಗಿರಲಿಲ್ಲ.

"ಊರಿಗೆ ತಗಂಡೋಗು. ಬುಡಿ ಅಂತ ಯೋಳ್ಬ್ಯಾಡ, ಯೋಳುದ್ರೆ ಕೋಪ ಬತ್ತದೆ. ಸುಮ್ಕೆ ಸಂಜೆ ಹೊತ್ಗೆ ಮಾಡ್ಕೊಡು. ಗಂಟ್ಲಿಗೆ ಅಭ್ಯಾಸ ಆಗ್ಲಿ."

ಮುಂದಿನ ಸಲ ಊರಿಗೆ ಹೋದಾಗ ಒಯ್ದೆ. ಸಂಜೆ ಜಗುಲಿಯ ಮೇಲೆ ಕೂತು, ನಿಂಬೆಹಣ್ಣು ಹಿಂಡಿ, ಪೊಟ್ಟಣ ಕಟ್ಟಿ, ಎಲ್ಲ ಮಾಡಿ ತೋರಿಸಿದೆ. ಅಪ್ಪ ಮಗುವಿನ ಹಾಗೆ ಬಗ್ಗಿ ನೋಡಿದರು. ಗುಳ್ಳೆ ಎದ್ದಾಗ ಅವರ ಮುಖ ಅರಳಿತು. ಎದ್ದು ಒಳಗೆ ಹೋಗಿ ತಮ್ಮ ಬಾಟಲಿ ತಂದು, ಲೋಟಕ್ಕೆ ಬಗ್ಗಿಸಿ, ಅದರ ಮೇಲೆ ನನ್ನ ಸೋಡಾ ಸುರಿದರು.

"ಒಳ್ಳೆ ಕೆಲ್ಸ ಮಾಡ್ದೆ ಕಣವ್ವ" ಎಂದರು. "ಇನ್ ಅಂಗ್ಡಿಗೆ ಓಗಂಗಿಲ್ಲ, ಆ ಮುದ್ಕಿ ಬಾಯಿಗ್ ಬೀಳಂಗಿಲ್ಲ. ಓದ್ಸಿದ್ದು ಸಾರ್ಥಕ ಆಯ್ತು."

ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಸೋಡಾಕ್ಕೆ ದುಡ್ಡು ಕೊಡುವುದು ತಪ್ಪಿತು. ಅಷ್ಟೇ ತಪ್ಪಿದ್ದು.

ಶ್ರೀರಂಗಪಟ್ಟಣಕ್ಕೆ ಹಿಂತಿರುಗಿದಾಗ ಮೇಷ್ಟ್ರು ಗೇಟಿನಲ್ಲೇ ಕಾಯುತ್ತಿದ್ದರು.

"ಏನಂದ್ರು ನಿಮ್ಮಪ್ಪ?"

"ಚೆನ್ನಾಗಿದೆ ಅಂದ್ರು ಸರ್."

"ದಿನಾ ಮಾಡ್ಕತಾರಂತಾ?"

"ಹೂಂ. ದಿನಾ."

ಅವತ್ತು ಒಂದು ಸಲ, ಕೈ ಮೀಸೆಯ ಹತ್ತಿರ ಹೋಗದೆ, ಅವರು ನನ್ನ ಮುಖ ನೋಡಿ ನಕ್ಕರು. ಆಮೇಲೆ ಪ್ರತಿ ಸಲ ಊರಿಂದ ಬಂದಾಗಲೂ ನಿಮ್ಮಪ್ಪ ಹೇಗಿದ್ದಾರೆ ಎಂದು ಕೇಳುವರು. ತಮ್ಮಿಂದ ಇನ್ನೊಬ್ಬರು ದಡ ಸೇರಿದರು ಎನ್ನುವ ಸಮಾಧಾನ ಆ ಪ್ರಶ್ನೆಯಲ್ಲಿ ಇರುತ್ತಿತ್ತು. ನಾನು ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ರೂಮು ಖಾಲಿ ಮಾಡುವವರೆಗೂ ಹಾಗೇ ಹೇಳಿದೆ.

ಮೇಷ್ಟ್ರ ತಿಥಿಗೆ ಹೋದೆ. ಅದೇ ನಡುಮನೆ. ಫೋಟೋದ ಮುಂದೆ ಬಾಳೆಎಲೆ ಹಾಸಿ ಎಡೆ ಇಡುತ್ತಿದ್ದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು. ಮುದ್ದೆ, ಸಾರು, ವಡೆ, ಕಜ್ಜಾಯ ಎಲ್ಲ ಬಂದ ಮೇಲೆ ಪಾಂಡವಪುರದಿಂದ ಬಂದಿದ್ದ ಮೇಷ್ಟ್ರ ತಮ್ಮ ಪಂಚೆಯ ಮಡಿಕೆಯಿಂದ ಒಂದು ಕ್ವಾರ್ಟರ್ ಬಾಟಲಿ ತೆಗೆದು ಎಲೆಯ ತುದಿಯಲ್ಲಿ ಇಟ್ಟರು. ಅವರ ಕಣ್ಣು ತುಂಬಿತ್ತು. ಅವರು ಅಣ್ಣನನ್ನು ಅವಮಾನಿಸಲು ತಂದಿರಲಿಲ್ಲ.

"ಅದ್ನ ಎತ್ತಪ್ಪ" ಎಂದರು ಆಂಟಿ.

"ಅತ್ಗೆ, ಅಣ್ಣಂಗೆ ಇಷ್ಟ ಇದ್ದುದ್ದು ಇದೇ ತಾನೆ? ಬದುಕಿರಗಂಟ ಆಸೆ ಅದುಮ್ಕಂಡಿದ್ದ. ಈಗ್ಲಾದ್ರೂ ಇಡಾದ್ ಬ್ಯಾಡ್ವಾ?"

"ಇಡ್ಲಿ ಬುಡು ತಾಯಿ" ಎಂದರು ಚೈತ್ರಳ ಮಾವನ ಮನೆಯ ಆ ದೊಡ್ಡಪ್ಪ. "ಈಗ್ಯಾರು ಏನಂದಾರು?"

ನಡುಮನೆ ತುಂಬ ಜನ. ಯಾರೂ ಏನೂ ಅನ್ನುತ್ತಿರಲಿಲ್ಲ. ಅಷ್ಟು ವರ್ಷ ಗೋಡೆಯ ಪಕ್ಕ ನಡೆದ ಮನುಷ್ಯನ ಫೋಟೋದ ಮುಂದೆ, ಎಲ್ಲರ ಎದುರಿಗೆ, ಆ ಬಾಟಲಿ ನಿಂತಿತ್ತು. ಚೈತ್ರ ಅಮ್ಮನ ತೋಳು ಹಿಡಿದಿದ್ದಳು. ಆಂಟಿ ಜನರ ನಡುವೆ ಕಣ್ಣು ಆಡಿಸಿ ನನ್ನನ್ನು ಹುಡುಕಿದರು.

"ನಿಂಗೆ ಮಾಡಾಕ್ ಬತ್ತದಲ್ವೇನವ್ವ?"

ಸಾಮಾನು ಅಕ್ಕಿಯ ಡ್ರಮ್ಮಿನ ಹಿಂದೆಯೇ ಇತ್ತು. ಫ್ರಿಜ್ಜಿನಲ್ಲಿ ನೀರೂ ಇತ್ತು. ಅವರೇ ತುಂಬಿಸಿಟ್ಟದ್ದೋ ಏನೋ, ಕೇಳುವ ಧೈರ್ಯ ಬರಲಿಲ್ಲ. ಪೊಟ್ಟಣ ಕಟ್ಟಿದೆ, ಮುಚ್ಚಳ ಬಿಗಿದೆ. ಬಾಟಲಿ ಗಟ್ಟಿಯಾಗುವವರೆಗೆ ಹಿಡಿದುಕೊಂಡು ನಿಂತೆ. ಕಿಟಕಿ ಮುಚ್ಚಲು ಕೈ ತಾನಾಗಿಯೇ ಹೋಯಿತು. ಆಂಟಿ ಹಿಂದಿನಿಂದ, "ತೆಗ್ದಿರ್ಲಿ ಬುಡು" ಎಂದರು.

ನಡುಮನೆಗೆ ತಂದು, ಎಲೆಯ ಮುಂದೆ ಕೂತು ಮುಚ್ಚಳ ತಿರುಗಿಸಿದೆ. ಚುಸ್ ಎಂದಿತು. ಅಷ್ಟು ಜನರ ಮೌನದಲ್ಲಿ ಅದು ಪೀಪಿಯಷ್ಟು ದೊಡ್ಡದಾಗಿ ಕೇಳಿಸಿತು. ಲೋಟಕ್ಕೆ ಸುರಿದೆ. ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಮೇಷ್ಟ್ರ ತಮ್ಮ ಬಗ್ಗಿ ನೋಡಿ, "ಇದಾ?" ಎಂದರು. "ಇದೇ" ಎಂದಳು ಚೈತ್ರ. ಅವರು ಕ್ವಾರ್ಟರ್ ಬಾಟಲಿಯನ್ನು ಎತ್ತಿ ಪಂಚೆಯ ಮಡಿಕೆಗೆ ಸೇರಿಸಿಕೊಂಡರು.

ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಬೀದಿಯಲ್ಲಿ ನಿಂತೆವು. ಚಪ್ಪಲಿಗಳ ನಡುವೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ನಿಮ್ಮಪ್ಪ ಹೇಗಿದ್ದಾರೆ ಎಂದು ಇನ್ನು ಯಾರೂ ಕೇಳುವುದಿಲ್ಲ. ಹಾಗೆಂದು ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು.

ಬಾಗಿಲು ತೆಗೆದಾಗ ಆಂಟಿ ಮೊದಲು ಒಳಗೆ ಹೋದರು. ಮುದ್ದೆ ಹಾಗೇ ಇತ್ತು, ವಡೆ ಹಾಗೇ ಇತ್ತು. ಅವರು ಮೊಣಕಾಲೂರಿ ಲೋಟವನ್ನು ಬೆಳಕಿಗೆ ಹಿಡಿದರು. ನೀರು ಇತ್ತು. ಗುಳ್ಳೆ ಒಂದೂ ಇರಲಿಲ್ಲ.

"ಕುಡ್ದವ್ರೆ" ಎಂದರು ಆಂಟಿ, ಬೀದಿಗೆಲ್ಲ ಕೇಳುವ ಹಾಗೆ.